ಬಂತು ಬಂತು ಚಳಿ ಬಂತು: ಅಂಗನವಾಡಿ ಮಕ್ಕಳ ಚಳಿಗಾಲದ ಹಾಡು, ಕುಣಿತ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಶಿಕ್ಷಕಿ. ಮೂರರಿಂದ ಐದು ವರ್ಷದ ಹದಿನೆಂಟು ಮಕ್ಕಳಿದ್ದಾರೆ. ಡಿಸೆಂಬರ್, ಜನವರಿ ಬಂತೆಂದರೆ ಎಲ್ಲರೂ ಸ್ವೆಟರ್, ಮಂಕಿ ಟೋಪಿ ಹಾಕಿಕೊಂಡು ಗೋಡೆಗೆ ಒರಗಿ ಮುದುಡಿ ಕೂತುಬಿಡುತ್ತಾರೆ. ಚಳಿಗಾಲದ ಹಾಡು, ಕುಣಿತ ಮಾಡಿಸೋಣ ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಬರೀ ಹಿಮದ ಬೊಂಬೆ, ಹಿಮದ ಚೆಂಡು. ನಮ್ಮ ಮಕ್ಕಳು ಹಿಮ ನೋಡಿಲ್ಲ. ನನಗೆ ಸಂಗೀತ ಬರುವುದಿಲ್ಲ, ವಾದ್ಯವೂ ಇಲ್ಲ. ಒಬ್ಬ ಹುಡುಗ ಮಾತ್ರ ಯಾವ ಆಟಕ್ಕೂ ಸೇರುವುದಿಲ್ಲ. ಕಾರವಾರದಲ್ಲಿ ನನ್ನ ತಂಗಿಯೂ ಅಂಗನವಾಡಿ ನಡೆಸುತ್ತಾಳೆ. ಅಲ್ಲಿ ಅಷ್ಟು ಚಳಿಯೂ ಇಲ್ಲ. ನಾವಿಬ್ಬರೂ ಏನು ಮಾಡಿಸಬಹುದು?

ಉತ್ತರ: ಅಕ್ಕೋರೇ, ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನಗೆ ನನ್ನ ಕೆಲಸದ ಮೊದಲ ವರ್ಷಗಳ ಒಂದು ಡಿಸೆಂಬರ್ ನೆನಪಾಯಿತು. ಒಂದು ಶಿಶುವಿಹಾರದ ವಾರ್ಷಿಕ ದಿನಕ್ಕೆ ನಾನೇ ಹಿಮದ ಕುಣಿತ ಕಲಿಸಿದ್ದೆ. ಎರಡು ವಾರ ಅಭ್ಯಾಸ ಮಾಡಿಸಿ, ಕೊನೆಯ ದಿನ ಮೇಲಿನಿಂದ ಹತ್ತಿ ಉದುರಿಸಿದೆವು. ಮಕ್ಕಳು ಕುಣಿಯುವುದನ್ನು ಬಿಟ್ಟು ಮೇಲೆ ನೋಡುತ್ತ ನಿಂತರು. ನಾಲ್ಕು ವರ್ಷದ ಒಬ್ಬಳು ನನ್ನ ಸೆರಗು ಹಿಡಿದು ಕೇಳಿದಳು, “ಅಕ್ಕೋರೆ, ಬೂರಗದ ಕಾಯಿ ಒಡೀತಾ?”

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಅವಳ ಮನೆ ಹಿಂದೆ ಬೂರುಗದ ಮರ ಇತ್ತು. ಬೇಸಿಗೆ ಶುರುವಾದಾಗ ಅದರ ಕಾಯಿ ಒಡೆದು ಹತ್ತಿ ಹಾರುವುದನ್ನು ಅವಳು ಕಂಡಿದ್ದಳು. ಬಿಳಿಯಾಗಿ ಮೇಲಿಂದ ಉದುರುವುದು ಅಂದರೆ ಅವಳಿಗೆ ಅದೇ. ನಾನು ಅವಳಿಗೆ ಚಳಿಗಾಲ ಕಲಿಸಲು ಹೋಗಿ, ಅವಳ ಮೈಮೇಲೆಯೇ ಇದ್ದ ಚಳಿಗಾಲವನ್ನು ನೋಡಿರಲಿಲ್ಲ. ಒಡೆದ ತುಟಿ, ಬಿರಿದ ಹಿಮ್ಮಡಿ, ಬೆಳಿಗ್ಗೆ ಬಾಯಿಂದ ಬರುವ ಹೊಗೆ, ಬಚ್ಚಲೊಲೆಯ ಮುಂದೆ ಕೂರುವುದು, ಇವೆಲ್ಲ ಅವಳಿಗೆ ಗೊತ್ತಿತ್ತು. ಅಂದಿನಿಂದ ನಾನು ಹಾಡನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮಗೆ ಹೇಳುವುದೂ ಅದನ್ನೇ.

ಇದು ಬರೀ ಊರಿನ ಅಭಿಮಾನದ ಮಾತಲ್ಲ. ಈ ವಯಸ್ಸಿನ ಮಗು ತಾಳವನ್ನು ಮೊದಲು ಮೈಯಲ್ಲಿ ಹಿಡಿಯುತ್ತದೆ, ಆಮೇಲೆ ಬಾಯಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ಸಂಗೀತ ಕಲಿಸುತ್ತಿದ್ದ ಎಮಿಲ್ ಜಾಕ್-ಡಾಲ್ಕ್ರೋಜ್ (1865–1950) ತಮ್ಮ ಇಡೀ ಪದ್ಧತಿಯನ್ನು ಇದರ ಮೇಲೆಯೇ ಕಟ್ಟಿದರು. ನಡೆದು, ಓಡಿ, ನಿಂತು, ಬಾಗಿ ತಾಳ ಕಲಿಯಬೇಕು ಎಂದರು. ಹಂಗೇರಿಯ ಜೋಲ್ಟಾನ್ ಕೊಡಾಯ್ (1882–1967) ಮಗುವಿನ ಸಂಗೀತ ಶುರುವಾಗಬೇಕಾದ್ದು ಅದರ ಸ್ವಂತ ಊರಿನ ಜನಪದ ಹಾಡಿನಿಂದ, ಅದೇ ಅದರ ತಾಯ್ನುಡಿ ಎಂದು ನಂಬಿದ್ದರು. ಹಿಮ ಬೀಳುವ ದೇಶದವರು ಹಿಮದ ಹಾಡು ಹಾಡುವುದು ಅದಕ್ಕೇ. ನಾವು ಅವರಿಂದ ತೆಗೆದುಕೊಳ್ಳಬೇಕಾದ್ದು ಆ ದಾರಿಯನ್ನು, ಹಿಮವನ್ನಲ್ಲ.

ಈಗ ನಿಮ್ಮ ಗೋಡೆ ಪಕ್ಕದ ಮಕ್ಕಳ ವಿಷಯಕ್ಕೆ ಬರೋಣ. ಶಿರಸಿ ಕಡೆ ಜನವರಿ ಬೆಳಿಗ್ಗೆ 15 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. ಚಿಕ್ಕ ಮಕ್ಕಳ ಮೈ ನಮ್ಮದಕ್ಕಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಹಾಗಾಗಿ ಮುದುಡಿ ಕೂರುವುದು ಸೋಮಾರಿತನ ಅಲ್ಲ. “ಏಳಿ, ಎದ್ದು ಕುಣಿಯಿರಿ” ಅಂದರೆ ಏಳುವುದಿಲ್ಲ. ನೀವೇ ಅವರ ಹತ್ತಿರ ಹೋಗಿ ಕೂರಿ. ಸ್ವೆಟರ್ ಬಿಚ್ಚಿಸಬೇಡಿ, ಟೋಪಿಯೂ ಇರಲಿ. ಕೂತಲ್ಲೇ ಹೇಳಿ:

ಬಂತು ಬಂತು ಚಳಿ ಬಂತು
ಎಲ್ಲಿಗೆ ಬಂತು? ಕೈಗೆ ಬಂತು
ಉಜ್ಜು ಉಜ್ಜು ಉಜ್ಜು ಉಜ್ಜು
ಹೋಯ್ತು ಹೋಯ್ತು ಚಳಿ ಹೋಯ್ತು!

ಇದಕ್ಕೆ ರಾಗ ಬೇಡ. ಮಾತಿನ ಹಾಗೆಯೇ ತಾಳಕ್ಕೆ ಹೇಳಿ. ಮೊದಲ ಸಾಲಿನಲ್ಲಿ ಎರಡೂ ಕೈ ಕಂಕುಳಲ್ಲಿ ಇಟ್ಟು ಗಡಗಡ ನಡುಗಬೇಕು. ಎರಡನೆಯದಕ್ಕೆ ಕೈ ಹೊರಗೆ. ಮೂರನೆಯದಕ್ಕೆ ಅಂಗೈ ಉಜ್ಜಬೇಕು, ಬಿಸಿಯಾಗುವ ತನಕ. ಕೊನೆಯ ಸಾಲಿಗೆ ಆ ಬಿಸಿ ಅಂಗೈಯನ್ನು ಕೆನ್ನೆಗೆ ಒತ್ತಿಕೊಳ್ಳಬೇಕು. ಇಲ್ಲಿ ಸ್ವಲ್ಪ ನಿಲ್ಲಿ, ಅವಸರ ಬೇಡ. ತನ್ನ ಕೈಯಿಂದ ಹುಟ್ಟಿದ ಬಿಸಿ ತನ್ನ ಕೆನ್ನೆಗೆ ತಾಗಿದಾಗ ಮಗುವಿನ ಮುಖ ಅರಳುವುದನ್ನು ನೋಡಬೇಕು ನೀವು! ಆಮೇಲೆ ಕಾಲಿಗೆ ಬಂತು: ಕುಟ್ಟು ಕುಟ್ಟು. ಬೆನ್ನಿಗೆ ಬಂತು: ಪಕ್ಕದವರ ಬೆನ್ನು ತಿಕ್ಕು ತಿಕ್ಕು. ಹೊಟ್ಟೆಗೆ ಬಂತು: ಎದ್ದು ಹಾರು ಹಾರು. ನಾಲ್ಕನೇ ಸಲಕ್ಕೆ ಎಲ್ಲರೂ ನಿಂತಿರುತ್ತಾರೆ, ನೀವು ಏಳಿ ಅಂತ ಹೇಳಬೇಕಾಗಿಯೇ ಇಲ್ಲ. ಆಮೇಲೆ “ಇನ್ನೆಲ್ಲಿಗೆ ಬಂತು?” ಅಂತ ಮಕ್ಕಳನ್ನೇ ಕೇಳಿ. ಕಿವಿಗೆ ಬಂತು ಅನ್ನುತ್ತಾರೆ, ಜಡೆಗೆ ಬಂತು ಅನ್ನುತ್ತಾರೆ. ಜಡೆಯ ಚಳಿ ಓಡಿಸುವುದು ಹೇಗೆ ಅಂತಲೂ ಅವರೇ ತೋರಿಸಲಿ.

ಒಂದು ಮುಖ್ಯ ವಿಷಯ, ಗತಿ. ದೊಡ್ಡವರಿಗೆ ಹಿತ ಅನಿಸುವ ಗತಿ ಚಿಕ್ಕ ಮಕ್ಕಳಿಗೆ ತುಂಬಾ ನಿಧಾನ. ಅವರ ಕಾಲು ಚಿಕ್ಕದು, ಹೆಜ್ಜೆ ಚಿಕ್ಕದು, ಸಹಜ ತಾಳವೂ ಚುರುಕು. ನಾವು ನಿಧಾನವಾಗಿ ಚಪ್ಪಾಳೆ ತಟ್ಟಿ “ನನ್ನ ಜೊತೆ ಹೆಜ್ಜೆ ಹಾಕಿ” ಅಂದರೆ ಮೂರು ವರ್ಷದ ಮಗುವಿಗೆ ಆಗುವುದಿಲ್ಲ. ಅದಕ್ಕೆ ತಾಳಜ್ಞಾನ ಇಲ್ಲ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಉಲ್ಟಾ ಮಾಡಿ. ಮಗು ನಡೆಯಲಿ, ಅದರ ಹೆಜ್ಜೆಗೆ ನೀವು ತಟ್ಟಿ. ಒಂದು ವಾರ ಹೀಗೆ ಮಾಡಿದರೆ ತಟ್ಟುವ ಕೈಗೂ ನಡೆಯುವ ಕಾಲಿಗೂ ಸಂಬಂಧ ಇದೆ ಅಂತ ಮಗುವಿಗೆ ಹೊಳೆಯುತ್ತದೆ. ಆಮೇಲೆ ಅದು ನಿಮ್ಮ ತಾಳಕ್ಕೂ ಬರುತ್ತದೆ.

ಮೈ ಬಿಸಿಯಾದ ಮೇಲೆ ಬಚ್ಚಲೊಲೆ ಆಟ. ನಿಮ್ಮ ಮಕ್ಕಳಲ್ಲಿ ಜಾಸ್ತಿ ಜನರ ಮನೆಯಲ್ಲಿ ಇನ್ನೂ ಹಂಡೆ, ಒಲೆ ಇರುತ್ತದೆ ಅಲ್ವಾ? ಅರ್ಧ ಮಕ್ಕಳು ಕೆಂಡ, ಕುಕ್ಕರುಗಾಲಲ್ಲಿ ಕೂತು ಸುಮ್ಮನಿರಬೇಕು. ಉಳಿದವರು ಎರಡೂ ಮುಷ್ಟಿಯನ್ನು ಊದುಗೊಳವೆಯ ಹಾಗೆ ಜೋಡಿಸಿ ಉದ್ದಕ್ಕೆ “ಫೂ...” ಅಂತ ಊದಬೇಕು. ಒಂದು ಊದಿಗೆ ಕೆಂಡದ ಬೆರಳು ಮಾತ್ರ ಅಲುಗುತ್ತದೆ. ಎರಡನೆಯದಕ್ಕೆ ಕೈ ಏಳುತ್ತದೆ. ಮೂರನೆಯದಕ್ಕೆ ಇಡೀ ಮೈ ಎದ್ದು ಬೆಂಕಿಯ ನಾಲಗೆ ಹಾಗೆ ಆಡುತ್ತದೆ. “ಬುಗುಬುಗು” ಅನ್ನುವ ದನಿ ಪಿಸುಮಾತಿನಿಂದ ಶುರುವಾಗಿ ದೊಡ್ಡದಾಗಬೇಕು. ಆಮೇಲೆ ನೀವು “ನೀರು ಕಾದಿತು” ಅಂದರೆ ಮೆಲ್ಲಗೆ ಕೆಳಗೆ ಇಳಿಯಬೇಕು, ದನಿಯೂ ಇಳಿಯಬೇಕು. ಮೆಲುದನಿ, ಜೋರುದನಿ ಅಂತ ಬಾಯಲ್ಲಿ ಹೇಳಿಕೊಟ್ಟರೆ ತಿಳಿಯದ್ದು ಹೀಗೆ ಮೈಯಲ್ಲಿ ತಿಳಿಯುತ್ತದೆ. ಉದ್ದ ಉಸಿರು ಬಿಡುವ ಅಭ್ಯಾಸವೂ ಆಯಿತು. ನಿಜವಾದ ಒಲೆ ಹತ್ತಿರ ಊದಲು ಹೋಗಬಾರದು ಅಂತ ಒಂದು ಮಾತು ಮಾತ್ರ ಹೇಳಿ.

ನನಗೆ ತುಂಬಾ ಇಷ್ಟದ್ದು ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಆಟ. ಶಿರಸಿ, ಸಿದ್ದಾಪುರದ ಮಗುವಿಗೆ ಚಳಿಗಾಲ ಅಂದರೆ ಅಡಿಕೆ. ಕೊನೆಗೌಡ ಮರ ಹತ್ತುವುದು, ಮೇಲಿಂದ ಮಿಣಿಯಲ್ಲಿ, ಅಂದರೆ ಹಗ್ಗದಲ್ಲಿ, ಕೊನೆ ಇಳಿಯುವುದು, ಕೆಳಗೆ ಹಿಡಿಯುವವರು, ಹೆಕ್ಕುವವರು, ರಾತ್ರಿ ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವವರು. ಇದರಲ್ಲಿ ಒಂದು ಇಡೀ ಸಂಗೀತ ಪಾಠ ಇದೆ.

ಮೊದಲು ಮರ ಹತ್ತುವುದು. ನಿಂತಲ್ಲೇ ಒಂದು ಕೈ, ಇನ್ನೊಂದು ಕೈ, ಮೇಲೆ ಮೇಲೆ. ಪ್ರತಿ ಹಿಡಿತಕ್ಕೆ ದನಿ ಒಂದು ಮೆಟ್ಟಿಲು ಏರಬೇಕು: “ಹತ್ತು... ಹತ್ತು... ಹತ್ತು...” ತುದಿಗಾಲಲ್ಲಿ ನಿಂತು ಆಚೆ ಈಚೆ ತೂಗಿ. ಗಾಳಿಗೆ ಅಡಿಕೆ ಮರ ತೂಗುವ ಹಾಗೆ. ಆಮೇಲೆ “ಕೊನೆ ಬಂತೋ!” ಅಂತ ಕೂಗಿ, ತೋರುಬೆರಳನ್ನು ತಲೆಯ ಮೇಲಿನಿಂದ ನೆಲದ ತನಕ ಓರೆಯಾಗಿ ಇಳಿಸುತ್ತ “ಸುಂಯ್‌...” ಅಂತ ದನಿಯನ್ನು ತೀರಾ ಮೇಲಿನಿಂದ ತೀರಾ ಕೆಳಗೆ ಜಾರಿಸಬೇಕು. ಮಿಣಿ ಉದ್ದ ಇದ್ದರೆ ಉದ್ದ ಜಾರು, ಗಿಡ್ಡ ಇದ್ದರೆ ಗಿಡ್ಡ. ಅರ್ಧದಲ್ಲಿ ಸಿಕ್ಕಿಕೊಂಡರೆ ದನಿಯೂ ಅಲ್ಲೇ ನಿಲ್ಲಬೇಕು.

ಈ ಜಾರುದನಿ ಯಾಕೆ ಮುಖ್ಯ ಅಂದರೆ, ಈ ವಯಸ್ಸಿನ ಎಷ್ಟೋ ಮಕ್ಕಳು ಹಾಡು ಅಂದರೆ ಮಾತಿನ ದನಿಯಲ್ಲೇ ಹೇಳುತ್ತಾರೆ, ಇಲ್ಲವೇ ಕಿರುಚುತ್ತಾರೆ. ತಮ್ಮ ಗಂಟಲಲ್ಲಿ ಮೇಲಿನ ತೆಳು ದನಿ ಒಂದು ಇದೆ ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ಮೇಲಿಂದ ಜಾರಿದಾಗ ಅದು ತಾನಾಗಿ ಸಿಗುತ್ತದೆ. ನಾನು ಬೇರೆ ಬೇರೆ ರೀತಿ ಮಾಡಿಸಿ ನೋಡಿದ್ದೇನೆ. ಕೊನೆ ಇಳಿಸುವ ಆಟದಷ್ಟು ಬೇಗ ಕೆಲಸ ಮಾಡಿದ್ದು ಬೇರೆ ಇಲ್ಲ.

ಕೊನೆಗೆ ಸುಲಿಯುವುದು. ಸಾಲಾಗಿ ಕೂತು, ಎರಡು ಚಿಕ್ಕ ಕೋಲಿನಲ್ಲಿ “ಟಕ್, ಟಕ್” ಅಂತ ಒಂದೇ ಸಮ ತಾಳ. ಅದರ ಮೇಲೆ ನೀವು ಒಂದು ಕತೆ ಹೇಳಿ. ಮನೆಯಲ್ಲಿ ಅಜ್ಜಿ ಅಡಿಕೆ ಸುಲಿಯುತ್ತ ಹೇಳುವುದಿಲ್ಲವೇ, ಹಾಗೆ. ಕತೆಯಲ್ಲಿ ಹುಲಿ ಬಂದಾಗ ಕೋಲು ಮೆಲ್ಲಗೆ ಆಗಲಿ, ಹುಲಿ ಹೋದ ಮೇಲೆ ಜೋರಾಗಲಿ. ನಿಜವಾದ ಅಡಿಕೆ ಕಾಯಿ ಕೊಡುವುದಾದರೆ ಸಿಪ್ಪೆ ಇರುವ ಇಡೀ ಕಾಯಿ ಮಾತ್ರ ಕೊಡಿ. ಸುಲಿದ ಅಡಿಕೆ ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮಂಜಿಗೆ ಹಳೆ ದುಪಟ್ಟಾ ಸಾಕು. ತೋಟದ ಮೇಲೆ ಮಂಜು ಬರುವ ಹಾಗೆ ಬಾಯಿ ಮುಚ್ಚಿ “ಮ್ಮ್...” ಅನ್ನುತ್ತ ಮೆಲ್ಲಗೆ ತೇಲಬೇಕು. ನೀವು “ಬಿಸಿಲು!” ಅಂದ ಕೂಡಲೆ ದುಪಟ್ಟಾ ಕೆಳಗೆ ಹಾಕಿ ಅಂಗಳದ ಹಕ್ಕಿಗಳ ಹಾಗೆ ಪುಟುಪುಟು ಹಾರಬೇಕು. ಕಂಕುಳಿಂದ ಮೊಣಕಾಲಿನ ಮಟ್ಟಕ್ಕೆ ಬರುವಷ್ಟು ಉದ್ದದ ತುಂಡು ಮಾಡಿಕೊಳ್ಳಿ. ಕುತ್ತಿಗೆಗೆ ಸುತ್ತಿಕೊಳ್ಳಲು ಬಿಡಬೇಡಿ.

ಈಗ ನಿಮ್ಮ ತಂಗಿಯ ಕಾರವಾರ. ಅಲ್ಲಿ ಚಳಿಗಾಲ ಅಂದರೆ ಚಳಿಯಲ್ಲ, ಶಾಂತವಾದ ಸಮುದ್ರ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ದಡದಲ್ಲಿ ರಂಪಣಿ ಬಲೆ ಎಳೆಯುವುದು ಶುರು. ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರದ ಹಾಗೆ ನೀರಿಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ಎರಡು ಗುಂಪು ದಡದಿಂದ ಎಳೆಯುತ್ತದೆ. ದೊಡ್ಡ ಬಲೆಯ ಯಂತ್ರದ ಪರ್ಸೀನ್ ಬೋಟುಗಳು ಬಂದ ಮೇಲೆ ಇದು ಕಡಿಮೆಯಾಗಿದೆ, ನಿಂತಿಲ್ಲ. ಹತ್ತಾರು ಜನ ಒಟ್ಟಿಗೆ ಹಿಂದಕ್ಕೆ ವಾಲಿ ಎಳೆಯುವಾಗ ಬರುವ ಆ ಕೂಗನ್ನು ಮೀನುಗಾರರ ಮನೆಯ ಮಗು ಎಂದೂ ಮರೆಯುವುದಿಲ್ಲ. ಒಬ್ಬನ ಕೈ ತಪ್ಪಿದರೂ ಹಗ್ಗ ಹೇಳಿಬಿಡುತ್ತದೆ. ತಾಳ ಯಾಕೆ ಬೇಕು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಒಂದು ಹಳೆಯ ಹತ್ತಿ ಸೀರೆ ತೆಗೆದುಕೊಳ್ಳಲಿ. ಸೀರೆ ಐದೂವರೆ ಮೀಟರ್ ಉದ್ದ ಇರುತ್ತದೆ, ಹದಿನೈದು ಹದಿನಾರು ಮಕ್ಕಳು ಸುತ್ತ ಹಿಡಿಯಬಹುದು. ನೈಲಾನ್, ಸಿಂಥೆಟಿಕ್ ಬೇಡ, ಕೈಯಿಂದ ಜಾರುತ್ತದೆ. ಮಧ್ಯೆ ಹಳೆ ಕಾಲುಚೀಲ ಸುತ್ತಿ ಮಾಡಿದ ಬಂಗಡೆ, ತಾರ್ಲೆ ಮೀನು ಹಾಕಿ. ಮೊದಲು ಸೀರೆಯೇ ಸಮುದ್ರ. “ಸಣ್ಣ ತೆರೆ” ಅಂದರೆ ಮಣಿಕಟ್ಟು ಮಾತ್ರ ಆಡಬೇಕು, ದನಿ “ಸ್ಸ್...” “ದೊಡ್ಡ ತೆರೆ” ಅಂದರೆ ಇಡೀ ತೋಳು, ದನಿ “ಹೋ...” ಮೀನು ಹಾರಿ ಹೊರಗೆ ಬಿದ್ದರೆ ಬೀಳಲಿ, ಮಕ್ಕಳಿಗೆ ಅದೇ ಹಬ್ಬ. ಆಮೇಲೆ ಸೀರೆಯನ್ನು ಉದ್ದಕ್ಕೆ ಮಾಡಿ, ಮೀನನ್ನು ಮಡಿಲ ಹಾಗೆ ನಡುವೆ ಇಟ್ಟು, ಎರಡು ತುದಿಗೆ ಎರಡು ಗುಂಪು. ಇಬ್ಬರೂ ಎದುರುಬದುರು ಎಳೆಯಬಾರದು, ಅದು ಹಗ್ಗಜಗ್ಗಾಟ ಆಗುತ್ತದೆ. ಇಬ್ಬರೂ ಒಂದೇ ಕಡೆ, ದಡದ ಕಡೆ, ಹಿಂದಕ್ಕೆ ಹೆಜ್ಜೆ ಇಡಬೇಕು:

ಬಲೆ ಎಳಿರೋ — ಹೋಯ್!
ಹಿಂದೆ ಹೆಜ್ಜೆ — ಹೋಯ್!
ಬಾರೋ ಬಂಗಡೆ — ಹೋಯ್!
ಬುಟ್ಟಿ ತುಂಬ — ಹೋಯ್!

ಅಕ್ಕೋರು ಕರೆಯುವುದು, ಮಕ್ಕಳು “ಹೋಯ್” ಅನ್ನುವುದು. “ಹೋಯ್”ಗೆ ಮಾತ್ರ ಒಂದು ಹೆಜ್ಜೆ. ನಡುವೆ ನಿಲ್ಲಬೇಕು. ಮೂರು ವರ್ಷದವರಿಗೆ ಈ ನಿಲ್ಲುವುದೇ ಕಷ್ಟ. ಓಡುವುದು ಸುಲಭ, ತನ್ನನ್ನು ತಾನೇ ತಡೆದು ನಿಲ್ಲುವುದು ದೊಡ್ಡ ಕೆಲಸ. ಹಾಡು ಆ ತಡೆಯುವ ಶಕ್ತಿಯನ್ನು ಆಟದಲ್ಲೇ ಬೆಳೆಸುತ್ತದೆ. ಎರಡು ಮೂರು ದಿನ ತಪ್ಪುತ್ತಾರೆ, ಬಿಡಿ. ನಾಲ್ಕನೇ ದಿನ ಒಂದು “ಹೋಯ್”ಗೆ ಎಲ್ಲರ ಹಿಮ್ಮಡಿಯೂ ಒಟ್ಟಿಗೆ ನೆಲಕ್ಕೆ ಬೀಳುತ್ತದೆ. ಆ ಸದ್ದು ಕೇಳಿ ಮಕ್ಕಳೇ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಕೊನೆಗೆ ಮೀನು ಎಣಿಸಬೇಕಲ್ಲ, ಅದನ್ನು ಕೊಂಕಣಿಯಲ್ಲಿ ಎಣಿಸುವ ಮಗು ಕೊಂಕಣಿಯಲ್ಲೇ ಎಣಿಸಲಿ. ಮನೆಮಾತಿಗೆ ಹಾಡಿನಲ್ಲಿ ಜಾಗ ಸಿಕ್ಕಿದರೆ ಬಾಯಿ ಬೇಗ ಬಿಚ್ಚುತ್ತದೆ.

“ನನಗೆ ಸಂಗೀತ ಬರುವುದಿಲ್ಲ” ಅಂದಿರಿ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರ ಆಗುತ್ತದೆ. ನಮ್ಮದೇ ಜಿಲ್ಲೆಯ ಅಂಕೋಲೆಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರು ಹಾಡು ಕಲಿತದ್ದು ಯಾವ ಸಂಗೀತ ಶಾಲೆಯಲ್ಲೂ ಅಲ್ಲ, ಹಿರಿಯರ ಬಾಯಿಂದ. ನಿಮ್ಮ ಹಳ್ಳಿಯಲ್ಲೂ ಅಂಥ ಒಬ್ಬರು ಅಜ್ಜಿ ಇದ್ದೇ ಇರುತ್ತಾರೆ. ಒಂದು ದಿನ ಕರೆದು ಮಕ್ಕಳ ನಡುವೆ ಕೂರಿಸಿ. ವೇದಿಕೆ, ಮೈಕು ಬೇಡ. ಯಲ್ಲಾಪುರ ಕಡೆಯವರಾದರೆ ಸಿದ್ದಿ ಸಮುದಾಯದ ದಮಾಮಿ ಡೋಲು ಬಾರಿಸುವವರನ್ನು ಕರೆಯಬಹುದು, ಕರಾವಳಿಯಲ್ಲಿ ಗುಮಟೆ ಅನ್ನುವ ಮಣ್ಣಿನ ವಾದ್ಯ ಬಾರಿಸುವವರನ್ನು. ಸುಗ್ಗಿ ಕುಣಿತ ಇರುವುದು ಹೋಳಿ ಹೊತ್ತಿಗೆ. ಚಳಿಗಾಲದಲ್ಲೇ ಗುಮಟೆಯ ಪೆಟ್ಟು ಕಿವಿಗೆ ಬಿದ್ದಿದ್ದರೆ, ಸುಗ್ಗಿ ಮನೆ ಬಾಗಿಲಿಗೆ ಬಂದಾಗ ಮಗು ಬಾಗಿಲ ಹಿಂದೆ ಅಡಗುವ ಬದಲು ಹೊರಗೆ ಬಂದು ನಿಲ್ಲುತ್ತದೆ.

ನೀವು ಹಾಡುವಾಗ ಒಂದೇ ಒಂದು ವಿಷಯ ನೋಡಿಕೊಳ್ಳಿ. ನಾವು ಹೆಂಗಸರು ನಾಚಿಕೆಗೆ ತಗ್ಗಿನ ದನಿಯಲ್ಲಿ ಹಾಡುತ್ತೇವೆ. ಅಷ್ಟು ಕೆಳಗೆ ಮಕ್ಕಳ ದನಿ ಇಳಿಯುವುದಿಲ್ಲ. ಅವರು ಹಿತವಾಗಿ ಹಾಡುವುದು ಐದಾರು ಸ್ವರದ ಒಳಗೆ, ಅದೂ ನಮ್ಮ ಮಾತಿನ ದನಿಗಿಂತ ಮೇಲೆ. ಅಂಗಳದಲ್ಲಿ ನಿಂತು ತೋಟದ ಆಚೆ ಇರುವ ಮಗುವನ್ನು “ಕೂಸೇ... ಬಾರೇ” ಅಂತ ಕರೆಯುತ್ತೀರಲ್ಲ, ಅದೇ ಎತ್ತರ ಸರಿ. ಆ ಕರೆಯಲ್ಲಿ ದನಿ ಮೇಲಿಂದ ಕೊಂಚ ಕೆಳಗೆ ಇಳಿಯುತ್ತದೆ. ಆ ಎರಡೇ ಸ್ವರದಲ್ಲಿ ಮೇಲಿನ ಎರಡೂ ಹಾಡನ್ನು ಹಾಡಬಹುದು. ಮೊಬೈಲ್ ಹಾಡು ಹಾಕಬೇಡಿ. ಅದು ಮಗುವಿಗಾಗಿ ಕಾಯುವುದಿಲ್ಲ, ನೀವು ಕಾಯುತ್ತೀರಿ.

ವಾದ್ಯಕ್ಕೆ ಕರಟ ಸಾಕು, ನಮ್ಮ ಕಡೆಯ ಗರಟೆ. ಎರಡನ್ನು ಉಜ್ಜಿ ನುಣುಪು ಮಾಡಿ ಒಂದಕ್ಕೊಂದು ತಟ್ಟಿದರೆ ಒಳ್ಳೆಯ ಸದ್ದು. ಚಿಕ್ಕ ಬಾಟಲಿಗೆ ರಾಗಿ ಅಥವಾ ಅಕ್ಕಿ ಹಾಕಿ ಮುಚ್ಚಳವನ್ನು ಟೇಪಿನಿಂದ ಬಿಗಿ ಮಾಡಿದರೆ ಗಿಲಕಿ. ಆದರೆ ಗುಲಗಂಜಿ ಮಾತ್ರ ಹಾಕಬೇಡಿ ಅಕ್ಕೋರೇ, ಇದನ್ನು ಕೈಮುಗಿದು ಹೇಳುತ್ತೇನೆ. ಬೇಲಿಯಲ್ಲಿ ಕಾಯಿ ಒಡೆದು ಕೆಂಪು ಕೆಂಪಾಗಿ ಕಾಣುತ್ತದೆ, ಮಕ್ಕಳು ಜೇಬು ತುಂಬ ತರುತ್ತಾರೆ. ಅದು ವಿಷ. ಬೀಜ ಜಗಿದು ನುಂಗಿದರೆ ಜೀವಕ್ಕೆ ಅಪಾಯ. ತಂದರೆ ಬೈಯದೆ ತೆಗೆದುಕೊಂಡು, ಕೈ ತೊಳೆಸಿ.

ಆಟಕ್ಕೆ ಸೇರದ ಹುಡುಗನ ಬಗ್ಗೆ. ಹೊನ್ನಾವರ ಕಡೆಯ ಒಂದು ಅಂಗನವಾಡಿಯಲ್ಲಿ ನಾನೂ ಇಂಥ ಒಬ್ಬನನ್ನು ಕಂಡೆ. ಒಂದು ತಿಂಗಳು ಬಾಗಿಲ ಹತ್ತಿರ ಚೀಲ ಅಪ್ಪಿಕೊಂಡು ಕೂತಿದ್ದ. ಒಂದು ಸಂಜೆ ಅವನ ತಾಯಿ ಬಂದು, “ಮನೇಲಿ ನಾಯಿಮರೀನ ಎದುರಿಗೆ ಕೂರಿಸ್ಕೊಂಡು ಎಲ್ಲ ಹಾಡೂ ಹೇಳಿಕೊಡ್ತಾನೆ” ಅಂದರು. ಅವನು ಅಷ್ಟು ದಿನವೂ ಕಲಿಯುತ್ತಲೇ ಇದ್ದ, ಕಣ್ಣಿನಿಂದ. ನೋಡುತ್ತ ಕೂರುವುದೂ ಸೇರುವುದೇ. ಕೈ ಹಿಡಿದು ಎಳೆಯಬೇಡಿ, ಎಲ್ಲರ ಮುಂದೆ ಹೆಸರು ಕರೆಯಬೇಡಿ. ಅವನಿಗೆ ಒಂದು ಕೆಲಸ ಕೊಡಿ: ಮೀನಿನ ಬುಟ್ಟಿ ಹಿಡಿದು ದಡದಲ್ಲಿ ನಿಲ್ಲುವುದು, ಇಲ್ಲವೇ “ಬಿಸಿಲು!” ಅನ್ನುವ ಹೊತ್ತಿಗೆ ಗರಟೆ ತಟ್ಟುವುದು. ಅವನು ತಟ್ಟದೆ ಆಟ ಮುಂದೆ ಹೋಗುವುದಿಲ್ಲ ಅಂತ ಆದಾಗ ಅವನು ಆಟದ ಒಳಗೇ ಇರುತ್ತಾನೆ. ದೊಡ್ಡ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೋ, ಹೆಸರು ಕರೆದರೆ ತಿರುಗುತ್ತಾನೋ ಅಂತಲೂ ಗಮನಿಸಿ. ಅನುಮಾನ ಬಂದರೆ ಮನೆಯವರಿಗೆ ಹೇಳಿ ಕಿವಿ ಪರೀಕ್ಷೆ ಮಾಡಿಸಿ. ನೆಗಡಿ, ಕಿವಿ ಸೋರುವುದು ಚಳಿಗಾಲದಲ್ಲಿ ಜಾಸ್ತಿ, ಅದರಿಂದಲೂ ಕೇಳಿಸುವುದು ಮಂದವಾಗುತ್ತದೆ.

ಎಷ್ಟು ಹೊತ್ತು ಮಾಡಿಸಬೇಕು ಅಂತಲೂ ನಿಮಗೆ ಅನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು, ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಉಸಿರು ಏರುವಷ್ಟು. ಒಂದೇ ಸಲ ಅಲ್ಲ, ದಿನವಿಡೀ ಸೇರಿ. ನೀವು ಬೆಳಿಗ್ಗೆ ಹದಿನೈದು ನಿಮಿಷ, ಊಟಕ್ಕೆ ಮುಂಚೆ ಹದಿನೈದು ನಿಮಿಷ ಮಾಡಿಸಿದರೆ ಚೆನ್ನಾಗಿ ಆಯಿತು. ದಿನಕ್ಕೊಂದು ಹೊಸ ಹಾಡು ಬೇಡ. ಒಂದೇ ಹಾಡು ಎರಡು ವಾರ ಇರಲಿ. ನಮಗೆ ಬೇಜಾರಾಗುವ ಹೊತ್ತಿಗೆ ಮಕ್ಕಳಿಗೆ ಅದು ತಮ್ಮದಾಗಿರುತ್ತದೆ. ಕಾಲುಚೀಲ ಹಾಕಿಕೊಂಡು ನುಣುಪು ನೆಲದ ಮೇಲೆ ಕುಣಿಸಬೇಡಿ. ಬರಿಗಾಲೇ ಒಳ್ಳೆಯದು, ನೆಲ ತಣ್ಣಗಿದ್ದರೆ ಚಾಪೆ ಹಾಸಿ. ಬೆವರು ಬಂದಾಗ ಸ್ವೆಟರ್ ತೆಗೆಸಿ, ಆಟ ಮುಗಿದ ಮೇಲೆ ಮರೆಯದೆ ಹಾಕಿಸಿ.

ಹಿಮದ ವಿಷಯವನ್ನು ಪೂರಾ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಮಕ್ಕಳು ಟಿವಿಯಲ್ಲಿ ನೋಡಿ ಕೇಳಿದರೆ ಕತೆಯಾಗಿ ಹೇಳಿ. ಹಿಮಾಲಯ ಅಂತ ಒಂದು ಕಡೆ ಇದೆ, ಅಲ್ಲಿ ಇಷ್ಟು ಚಳಿ, ಮಳೆ ನೀರಾಗಿ ಬೀಳದೆ ಬಿಳಿಯಾಗಿ, ಸದ್ದಿಲ್ಲದೆ ಬೀಳುತ್ತದೆ ಅಂತ. ನಮ್ಮ ಮಳೆ ಹೇಗೆ ಬೀಳುತ್ತದೆ ಅಂತ ಮೊದಲು ನೆಲ ಬಡಿದು ತೋರಿಸಲಿ, ಆಷಾಢದ ಮಳೆಯ ಹಾಗೆ. ಆಮೇಲೆ ಸದ್ದೇ ಇಲ್ಲದೆ ಬೀಳುವುದು ಹೇಗೆ ಅಂತ ಬೆರಳಲ್ಲಿ ತೋರಿಸಲಿ. ಹದಿನೆಂಟು ಮಕ್ಕಳು ಒಂದು ನಿಮಿಷ ಪೂರ್ತಿ ಸುಮ್ಮನಿರುವುದನ್ನು ಆ ದಿನ ನೀವು ಕಾಣುತ್ತೀರಿ.

ಸಂಕ್ರಾಂತಿಗೆ ಪೋಷಕರನ್ನು ಕರೆಯುವುದಿದ್ದರೆ ಬೇರೆ ಕಾರ್ಯಕ್ರಮ ತಯಾರು ಮಾಡಬೇಡಿ. ಎರಡು ಸೀರೆ ಗಂಟು ಹಾಕಿ ಉದ್ದ ಮಾಡಿ, ಅಪ್ಪ, ಅಮ್ಮ, ಅಜ್ಜಿ ಎಲ್ಲರಿಗೂ ಹಿಡಿಯಲು ಕೊಟ್ಟು ಬಲೆ ಎಳೆಯುವ ಆಟ ಆಡಿಸಿ. ಶಿರಸಿಯಲ್ಲಿ ಸಮುದ್ರ ಇಲ್ಲದಿದ್ದರೂ ಪರವಾಗಿಲ್ಲ. ಕರೆಯುವ ಸಾಲನ್ನು ಹೇಳುತ್ತೀಯಾ ಅಂತ ನಿಮ್ಮ ಆ ಹುಡುಗನನ್ನು ಒಮ್ಮೆ ಕೇಳಿ ನೋಡಿ. ಬೇಡ ಅಂದರೆ ಬುಟ್ಟಿ ಅವನ ಕೈಯಲ್ಲೇ ಇರಲಿ.